ಸಿಂಗಲ್ಸಾ, ಡಬಲ್ಸಾ?

ಕಬ್ಬನ್ ಪಾರ್ಕ್ ಕೋರ್ಟ್‌ನಲ್ಲಿ ಟೆನಿಸ್ ಆಡುವ ಮಗನನ್ನು ಸಿಂಗಲ್ಸ್‌ಗೆ ಬಿಡಲಾ, ಡಬಲ್ಸ್‌ಗೆ ಬಿಡಲಾ ಅಂತ ಕೇಳಿದ್ದೀರಿ. ದುಡ್ಡೇ ಮುಖ್ಯವಾದರೆ ಸಿಂಗಲ್ಸ್. 2024ರ ಆಸ್ಟ್ರೇಲಿಯನ್ ಓಪನ್‌ನಲ್ಲಿ ಸಿಂಗಲ್ಸ್ ಗೆದ್ದವರಿಗೆ 31.5 ಲಕ್ಷ ಆಸ್ಟ್ರೇಲಿಯನ್ ಡಾಲರ್, ಡಬಲ್ಸ್ ಜೋಡಿಗೆ 7.3 ಲಕ್ಷ, ಅದನ್ನೂ ಇಬ್ಬರು ಹಂಚಿಕೊಳ್ಳಬೇಕು. ಆದರೆ ಆ ಸಲ ಗಂಡಸರ ಡಬಲ್ಸ್ ಗೆದ್ದ ಜೋಡಿಯಲ್ಲಿದ್ದ ನಮ್ಮ ಕೊಡಗಿನ ರೋಹನ್ ಬೋಪಣ್ಣ ಅವರಿಗೆ ಆಗ 43 ವರ್ಷ! ಓಟ ಕಡಿಮೆ, ಎಟಿಪಿ ಟೂರ್‌ನಲ್ಲಿ (ಗಂಡಸರ ವೃತ್ತಿಪರ ಟೂರ್ನಿಗಳ ಸರಣಿ) ಮೂರನೇ ಸೆಟ್ ಬದಲು ಬೇಗ ಮುಗಿಯುವ 10 ಪಾಯಿಂಟಿನ ಟೈಬ್ರೇಕ್, ಹಾಗಾಗಿ ಡಬಲ್ಸ್‌ನಲ್ಲಿ ಮೈ ಜಾಸ್ತಿ ವರ್ಷ ತಡೆಯುತ್ತದೆ. ಕೋಚ್, ರೂಮಿನ ಖರ್ಚೂ ಹಂಚಿಕೊಳ್ಳಬಹುದು. ತಲೆನೋವು ಅಂದ್ರೆ ಜೊತೆಗಾರ. ದೊಡ್ಡ ಟೂರ್ನಿಗೆ ಎಂಟ್ರಿ ಸಿಗಲು ಇಬ್ಬರ ರ‍್ಯಾಂಕಿಂಗೂ ಲೆಕ್ಕಕ್ಕೆ ಬರುತ್ತದೆ, ಹೊಂದಾಣಿಕೆ ತಪ್ಪಿದರೆ ಮತ್ತೆ ಹುಡುಕಾಟ, ಥೇಟ್ ಗಂಡು-ಹೆಣ್ಣು ನೋಡೋ ಕೆಲಸ. ಹದಿನಾರರೊಳಗಿದ್ದರೆ ಸುಮ್ನೆ ಎರಡೂ ಆಡಲಿ. ಇಪ್ಪತ್ತೈದಾದರೂ ಸಿಂಗಲ್ಸ್‌ನಲ್ಲಿ ಚಾಲೆಂಜರ್ (ಎಟಿಪಿ ಟೂರ್‌ಗಿಂತ ಒಂದು ಮೆಟ್ಟಿಲು ಕೆಳಗಿನ ಟೂರ್ನಿ) ಅರ್ಹತಾ ಸುತ್ತು ದಾಟದೆ, ಸರ್ವ್ ಮತ್ತು ವಾಲಿ (ಚೆಂಡು ನೆಲಕ್ಕೆ ಬೀಳೋ ಮೊದಲೇ ಹೊಡೆಯೋದು) ಮಾತ್ರ ಗಟ್ಟಿಯಿದ್ದರೆ ಡಬಲ್ಸ್ ಕಡೆ ತಿರುಗಿಸಿ.