ಒಂದು ಸಂಕ, ನಾಲ್ಕು ಕಾರು

2025ರ ಚೌತಿಗೆ ಮೊದಲು ನಮ್ಮ ಮನೆಯ ಮಾರುತಿ ಓಮ್ನಿ ವ್ಯಾನು ಹೋಯಿತು. ಕೆಟ್ಟು ಹೋದದ್ದಲ್ಲ, ಮಾರಿದ್ದು. ಮೊಬೈಲಿನಲ್ಲಿ ಫೋಟೊ ಹಾಕಿದ ಮೂರನೇ ದಿನಕ್ಕೆ ಬನವಾಸಿ ಕಡೆಯವರೊಬ್ಬರು ಬಂದರು. ಒಂದು ಸುತ್ತು ಓಡಿಸಿದರು, ಹೆಚ್ಚು ಚೌಕಾಸಿ ಮಾಡದೆ ದುಡ್ಡು ಎಣಿಸಿದರು, ಒಯ್ದರು. 2019ರಲ್ಲೇ ತಯಾರಿ ನಿಂತುಹೋದ ಗಾಡಿಗೆ ಇವತ್ತಿಗೂ ಗಿರಾಕಿ ಇದ್ದಾರೆ. ಅಡಿಕೆ ಚೀಲ, ಹಿಂಡಿ ಮೂಟೆ, ಬಾಳೆಗೊನೆ, ಮದುವೆಗೆ ಹೊರಟ ಎಂಟು ಜನ, ಎಲ್ಲ ಅದರಲ್ಲೇ ಆಗುತ್ತಿತ್ತು. 796 ಸಿಸಿ ಇಂಜಿನ್ ಸೀಟಿನ ಕೆಳಗೆ. ಮುಂದೆ ಬಾನೆಟ್ಟೇ ಇಲ್ಲ, ಗುದ್ದಿದರೆ ಮೊದಲು ಸಿಗುವುದು ನಮ್ಮ ಮೊಣಕಾಲು. ಏರ್‌ಬ್ಯಾಗ್ ಸುದ್ದಿ ಬೇಡವೇ ಬೇಡ.

ಹೊಸ ಕಾರು ಬೇಕಾಗಿದ್ದು ಆಯಿಯ (ಅಮ್ಮನ) ಮಂಡಿಗಾಗಿ. ಎರಡು ತಿಂಗಳಿಗೊಮ್ಮೆ ಮಣಿಪಾಲಕ್ಕೆ ತೋರಿಸಲು ಹೋಗಬೇಕು. ಶಿರಸಿ-ಕುಮಟಾ ನಡುವಿನ ದೇವಿಮನೆ ಘಾಟು ಇಳಿದು, ಕುಮಟಾದಲ್ಲಿ ಹೈವೇ ಹತ್ತಿ, ಹೊನ್ನಾವರ, ಭಟ್ಕಳ ದಾಟಿ ಹೋಗುವ ದಾರಿ. ಓಮ್ನಿಯಲ್ಲಿ ಹೋಗಿ ಬಂದರೆ ಮರುದಿನ ಆಯಿ ಏಳುತ್ತಲೇ ಇರಲಿಲ್ಲ. 2025ರ ಸೆಪ್ಟೆಂಬರ್ 22ರಿಂದ ಸಣ್ಣ ಕಾರುಗಳ ಜಿಎಸ್‌ಟಿ 28ರಿಂದ 18ಕ್ಕೆ ಇಳಿಯುತ್ತದೆ ಎಂಬ ಸುದ್ದಿ ಬೇರೆ ಬಂತು. ನಾಲ್ಕು ಮೀಟರಿನೊಳಗಿನ ಉದ್ದ, 1200 ಸಿಸಿ ಒಳಗಿನ ಪೆಟ್ರೋಲ್ ಅಥವಾ 1500 ಸಿಸಿ ಒಳಗಿನ ಡೀಸೆಲ್ ಆಗಿದ್ದರೆ ಈ ಲಾಭ. ನಾನು ನೋಡುತ್ತಿದ್ದ ಎಲ್ಲವೂ ಅದರೊಳಗೇ ಬರುತ್ತಿದ್ದವು.

ಶೋರೂಮಿನ ಟೆಸ್ಟ್ ಡ್ರೈವ್ ಮೇಲೆ ನನಗೆ ನಂಬಿಕೆ ಇಲ್ಲ. ನುಣ್ಣಗಿನ ಡಾಂಬರಿನ ಮೇಲೆ ಎರಡು ಕಿಲೋಮೀಟರ್, ಪಕ್ಕದಲ್ಲಿ ಕುಳಿತ ಹುಡುಗ ಏಸಿ ತೋರಿಸುತ್ತಾನೆ, ಹಾಡು ಹಾಕುತ್ತಾನೆ, ಮುಗಿಯಿತು. ಅದಕ್ಕೇ ಕಾರು ಇದ್ದವರ ಹತ್ತಿರ ಬೇಡಿಕೊಂಡೆ. ಕಾರವಾರದ ಭಾವನ ಮಾರುತಿ ಬಲೆನೊ. ಸಿದ್ದಾಪುರದ ಚಿಕ್ಕಪ್ಪನ ಮಗನ ಟೊಯೋಟಾ ಗ್ಲಾಂಜಾ. ಶಿರಸಿಯ ಗೆಳೆಯನ ಟಾಟಾ ನೆಕ್ಸಾನ್, ಪೆಟ್ರೋಲ್. ಪಕ್ಕದ ಮನೆಯವರ ಮಹೀಂದ್ರ ಬೊಲೆರೊ. ಒಂದೊಂದೂ ಮೂರು ನಾಲ್ಕು ದಿನ ನಮ್ಮ ಅಂಗಳದಲ್ಲಿ ಇತ್ತು. ಬದಲಿಗೆ ಟ್ಯಾಂಕ್ ತುಂಬಿಸಿ, ತೊಳೆದು ಕೊಟ್ಟೆ. ಭಾವನಿಗೆ ಮಾತ್ರ ಎರಡು ಕೆ.ಜಿ. ಜೋನಿ ಬೆಲ್ಲ ಹೆಚ್ಚಿಗೆ ಹೋಯಿತು.

ಮೊದಲು ಒಂದು ತಮಾಷೆ ಹೇಳಬೇಕು. ಬಲೆನೊ ಬಂದ ದಿನ ಅಪ್ಪಯ್ಯ ಅಂಗಳಕ್ಕೆ ಇಳಿದು, ಬಾಗಿಲಿಗೆ ಬೆರಳಿನ ಗೆಣ್ಣಿನಿಂದ ತಟ್ಟಿ, "ಡಬ್ಬಿ" ಅಂತ ಒಂದೇ ಮಾತು ಹೇಳಿ ಒಳಗೆ ಹೋಗಿಬಿಟ್ಟ. ಮುಂದಿನ ವಾರ ಗ್ಲಾಂಜಾ ಬಂತು. ಮತ್ತೆ ಅದೇ ತಟ್ಟು. ಈ ಸಲ, "ಇದು ಗಟ್ಟಿ ಇದ್ದು ನೋಡು. ಟೊಯೋಟಾ ಅಂದ್ರೆ ಟೊಯೋಟಾನೇಯಾ!" ನಾನು ನಗು ತಡೆದುಕೊಂಡೆ. ಗ್ಲಾಂಜಾ ಅಂದರೆ ಬಲೆನೊವೇ. 2019ರಿಂದ ಸುಝುಕಿಯ ಗುಜರಾತಿನ ಕಾರ್ಖಾನೆಯಲ್ಲೇ ತಯಾರಾಗಿ, ಮುಂದಿನ ಜಾಲರಿ, ಬಂಪರ್, ಲಾಂಛನ ಬದಲಿಸಿಕೊಂಡು ಟೊಯೋಟಾ ಶೋರೂಮಿಗೆ ಬರುವ ಕಾರು. ಅದೇ 1197 ಸಿಸಿ, ನಾಲ್ಕು ಸಿಲಿಂಡರಿನ ಇಂಜಿನ್. ಅದೇ ತಗಡು.

ಅಪ್ಪಯ್ಯನದ್ದು ತಪ್ಪು ಅಂತಲೂ ಹೇಳುವಂತಿಲ್ಲ. ಟೊಯೋಟಾ ಹೆಸರು ನಮ್ಮ ಕಡೆ ಹುಟ್ಟಿದ್ದು ಕ್ವಾಲಿಸ್‌ನಿಂದ. 2000ದಲ್ಲಿ ಬಿಡದಿಯಿಂದ ಬಂದ ಆ ಗಾಡಿ, ಆಮೇಲೆ 2005ರಲ್ಲಿ ಬಂದ ಇನ್ನೋವಾ, ಬಾಡಿಗೆಗೆ ಓಡಿ ಓಡಿ ಲಕ್ಷಗಟ್ಟಲೆ ಕಿಲೋಮೀಟರ್ ಮುಗಿಸಿದರೂ ಇಂಜಿನ್ ಬಿಚ್ಚಬೇಕಾಗಿ ಬರಲಿಲ್ಲ ಅಂತ ಡ್ರೈವರ್‌ಗಳು ಹೇಳುವುದನ್ನು ಎಲ್ಲರೂ ಕೇಳಿದ್ದೇವೆ. ಆ ಮಾತಿನ ಬಡ್ಡಿ ಈಗ ಗ್ಲಾಂಜಾಗೆ ಸಿಗುತ್ತಿದೆ ಅಷ್ಟೆ. ಮೊದಲಾದರೆ ವಾರಂಟಿಯಲ್ಲಿ ವ್ಯತ್ಯಾಸ ಇತ್ತು. ಟೊಯೋಟಾದ್ದು ಮೂರು ವರ್ಷ ಅಥವಾ ಒಂದು ಲಕ್ಷ ಕಿ.ಮೀ., ಮಾರುತಿಯದ್ದು ಎರಡು ವರ್ಷ ಅಥವಾ 40,000 ಕಿ.ಮೀ. 2024ರ ಜುಲೈಯಲ್ಲಿ ಮಾರುತಿಯೂ ಮೂರು ವರ್ಷ, ಒಂದು ಲಕ್ಷಕ್ಕೆ ಏರಿಸಿತು. ಈಗ ಇಬ್ಬರದ್ದೂ ಒಂದೇ. ಹಾಗಾಗಿ ಇನ್ನು ಮುಂದೆ ಎರಡನ್ನೂ ಸೇರಿಸಿ ಬಲೆನೊ ಅಂತಲೇ ಬರೆಯುತ್ತೇನೆ. ಅಪ್ಪಯ್ಯನಿಗೆ ಮಾತ್ರ ಹೇಳಬೇಡಿ.

ಘಾಟಿನ ಸುದ್ದಿಗೆ ಬರೋಣ. ದೇವಿಮನೆ ಘಾಟನ್ನು ಅಗಲ ಮಾಡಲು ಹಿಡಿದು ಆಗಲೇ ವರ್ಷಗಳೇ ಆಗಿದ್ದವು. ಒಂದು ಕಡೆ ಹೊಸ ಕಾಂಕ್ರೀಟು, ಇನ್ನೊಂದು ಕಡೆ ಕೆಂಪು ರಾಡಿ, ನಡುವೆ ಒಂದು ಗೇಣಿನ ಹೊಂಡ. ಕುಮಟಾದಿಂದ ಹತ್ತುವಾಗ ಎದುರಿಗೆ ಲಾರಿ ಬಂದರೆ ತಿರುವಿನಲ್ಲೇ ನಿಲ್ಲಿಸಿ, ಮತ್ತೆ ಏರಿನಲ್ಲಿ ಎತ್ತಬೇಕು. ನಮ್ಮ ಕಡೆ ಕಾರಿನ ಇಂಜಿನ್ ಪರೀಕ್ಷೆ ಆಗುವುದು ಇಲ್ಲೇ.

ಬಲೆನೊ ಹಗುರ. ಒಂದು ಟನ್ನಿಗಿಂತ ಕಡಿಮೆ ತೂಕ, 90 ಪಿಎಸ್ ಶಕ್ತಿ. ಇಬ್ಬರೇ ಇದ್ದಾಗ ಹೂವಿನ ಹಾಗೆ ಹತ್ತಿತು. ಐದು ಜನ ಕುಳಿತು, ಡಿಕ್ಕಿಯಲ್ಲಿ ತೆಂಗಿನಕಾಯಿ ಚೀಲ ಹಾಕಿದ ದಿನ ಎರಡನೇ ಗೇರಿನಲ್ಲಿ ಇಂಜಿನ್ನನ್ನು ಜೋರಾಗಿ ಕೂಗಿಸಬೇಕಾಯಿತು. ಆದರೆ ಏನೂ ಗೊಣಗಲಿಲ್ಲ, ಹತ್ತಿತು. ನೆಕ್ಸಾನ್ ಇದಕ್ಕಿಂತ ಭಾರ, 1200 ಕೆ.ಜಿ. ಮೇಲೆ. ಆದರೆ ಇಂಜಿನ್ನಿಗೆ ಗಾಳಿ ಒತ್ತಿ ತುಂಬುವ ಟರ್ಬೊ ಇದೆ, 120 ಪಿಎಸ್. ಟರ್ಬೊ ಎದ್ದುಕೊಂಡ ಮೇಲೆ ಹಿಂದಿನಿಂದ ಯಾರೋ ದೂಡಿದ ಹಾಗೆ ಹೋಗುತ್ತದೆ. ಏರಿನಲ್ಲಿ ನಿಲ್ಲಿಸಿ ಬ್ರೇಕ್ ಬಿಟ್ಟರೆ ಒಂದೆರಡು ಕ್ಷಣ ತಾನೇ ಹಿಡಿದುಕೊಳ್ಳುತ್ತದೆ, ಹಿಂದೆ ಜಾರುವುದಿಲ್ಲ. ಹಿಲ್ ಹೋಲ್ಡ್ ಅನ್ನುತ್ತಾರೆ. ಓಮ್ನಿಯಲ್ಲಿ ಇದೇ ಕೆಲಸವನ್ನು ಹ್ಯಾಂಡ್‌ಬ್ರೇಕ್ ಮತ್ತು ದೇವರು ಸೇರಿ ಮಾಡುತ್ತಿದ್ದರು. ನೆಕ್ಸಾನಿನದ್ದು ಮೂರು ಸಿಲಿಂಡರ್ ಇಂಜಿನ್, ಅಂಥದ್ದು ಯಾವ ಕಂಪನಿಯದ್ದಾದರೂ ನಿಂತಲ್ಲಿ ಸ್ವಲ್ಪ ನಡುಗುತ್ತದೆ. ಹತ್ತು ನಿಮಿಷಕ್ಕೆ ಅದು ರೂಢಿಯಾಯಿತು.

ಬೊಲೆರೊ ಬೇರೆಯೇ ಜಾತಿ. 2000ದಿಂದ ಇರುವ ಗಾಡಿ. ಕೆಳಗೆ ಲಾರಿಯ ಹಾಗೆ ಚಾಸಿ, ಹಿಂದಿನ ಚಕ್ರಕ್ಕೆ ಎಳೆತ, ಹಿಂದೆ ಪಟ್ಟಿ ಸ್ಪ್ರಿಂಗು. ಆರು ಚೀಲ ಚಾಲಿ ಅಡಿಕೆ ಹಾಕಿ ಶಿರಸಿ ಮಾರ್ಕೆಟ್ ಯಾರ್ಡಿಗೆ ಒಯ್ದೆ, ಬೆನ್ನ ಮೇಲೆ ಭಾರ ಇದೆ ಅನ್ನುವ ಗುರುತೇ ಇಲ್ಲ. ಭಾರಕ್ಕೆ ಅಂತಲೇ ಮಾಡಿದ ಸ್ಪ್ರಿಂಗು, ಹಾಗಾಗಿ ಖಾಲಿ ಬರುವಾಗ ಕುಣಿಯಿತು. ತೋಟದ ಕೆಲಸಕ್ಕೆ ಮಾತ್ರ ಅಂತಿದ್ದರೆ ನಾನು ಮುಂದೆ ನೋಡುತ್ತಲೇ ಇರಲಿಲ್ಲ. ಆದರೆ ಆಯಿ ಒಂದು ಕಾಲು ಮೆಟ್ಟಿಲಿನ ಮೇಲಿಟ್ಟು, ಹಿಡಿಕೆ ಹಿಡಿದು, ಅಲ್ಲೇ ನಿಂತುಬಿಟ್ಟಳು. "ತಮಾ, ನಂಗೆ ಹತ್ತಲೆ ಆಗ್ತಿಲ್ಲೆ." ಅಲ್ಲಿಗೆ ಬೊಲೆರೊ ಕಥೆ ಮುಗಿಯಿತು.

ಸೀಟಿನ ಎತ್ತರದ ಬಗ್ಗೆ ಯಾವ ಕಂಪನಿಯ ಪುಸ್ತಕದಲ್ಲೂ ಸರಿಯಾಗಿ ಬರೆದಿರುವುದಿಲ್ಲ. ಬೊಲೆರೊಗೆ ಹತ್ತಬೇಕು. ಬಲೆನೊಗೆ ಇಳಿಯಬೇಕು. ಕುಳಿತ ಮೇಲೆ ಬಲೆನೊ ಹಿಂದಿನ ಸೀಟಿನಲ್ಲಿ ಕಾಲು ಚಾಚಲು ಬೇಕಾದಷ್ಟು ಜಾಗ, ನಾಲ್ಕರಲ್ಲಿ ಅದೇ ಹೆಚ್ಚು ಅನ್ನಿಸಿತು. ಆದರೆ ಏಳುವಾಗ ಆಯಿಗೆ ನನ್ನ ಕೈ ಬೇಕು. ನೆಕ್ಸಾನಿನಲ್ಲಿ ಹಿಂದಕ್ಕೆ ತಿರುಗಿ ನಿಂತರೆ ಸೀಟು ಸೊಂಟದ ಮಟ್ಟಕ್ಕೇ ಸಿಗುತ್ತದೆ. ಜಗುಲಿ ಕಟ್ಟೆಯ ಮೇಲೆ ಕುಳಿತ ಹಾಗೆ ಕುಳಿತಳು, ಹಾಗೆಯೇ ಎದ್ದಳು. ಮಣಿಪಾಲಕ್ಕೆ ಹೋಗಿ ಬಂದ ಮರುದಿನ ಬೆಳಿಗ್ಗೆ ತಾನೇ ದೋಸೆ ಎರೆದಳು. ನನಗೆ ಇದಕ್ಕಿಂತ ದೊಡ್ಡ ರಿಪೋರ್ಟು ಬೇಕಿರಲಿಲ್ಲ.

ಹೊಟ್ಟೆ ತಾಗುವ ವಿಷಯ. ಹೈವೇಯಿಂದ ನಮ್ಮ ಮನೆಗೆ ಒಂದೂವರೆ ಕಿಲೋಮೀಟರ್ ಕೆಮ್ಮಣ್ಣಿನ ದಾರಿ. ಮಳೆಗಾಲದಲ್ಲಿ ನಡುವೆ ಹುಲ್ಲಿನ ದಿಬ್ಬ ಏಳುತ್ತದೆ. ನೆಲದಿಂದ ಎತ್ತರ ಬಲೆನೊದ್ದು 170 ಮಿ.ಮೀ., ನೆಕ್ಸಾನಿನದ್ದು 208. ಕೇಳಲು ನಾಲ್ಕು ಬೆರಳೂ ಇಲ್ಲದ ಅಂತರ. ಆದರೆ ಬಲೆನೊದಲ್ಲಿ ಎರಡು ಕಡೆ "ಕರ್ರ್" ಅಂತ ಸದ್ದು ಕೇಳಿ ನನ್ನ ಎದೆ ಧಸಕ್ಕೆಂದಿತು, ನೆಕ್ಸಾನಿನಲ್ಲಿ ಇಲ್ಲ. ತಪ್ಪು ಕಾರಿನದ್ದಲ್ಲ, ನಮ್ಮ ದಾರಿಯದ್ದು. ಶಿರಸಿ ಪೇಟೆಯಲ್ಲೋ ಕಾರವಾರದಲ್ಲೋ ಮನೆ ಇದ್ದರೆ ಈ ಪ್ಯಾರಾ ಬಿಟ್ಟು ಓದಿ.

ಮೈಲೇಜು: ಬಲೆನೊಗೆ ಕಂಪನಿ ಹೇಳುವುದು ಲೀಟರಿಗೆ 22.35 ಕಿ.ಮೀ. ಘಾಟು, ಹೈವೇ, ಮಣ್ಣಿನ ದಾರಿ ಎಲ್ಲ ಸೇರಿ ನನಗೆ ಸಿಕ್ಕಿದ್ದು 17. ನೆಕ್ಸಾನಿಗೆ 13 ಚಿಲ್ಲರೆ. ದಿನಾ ಓಡಿಸುವವರಿಗೆ ಇದು ದೊಡ್ಡ ವ್ಯತ್ಯಾಸ.

ಕಾರವಾರದಲ್ಲಿ ಭಾವ ಇನ್ನೊಂದು ಪಾಠ ಮಾಡಿದ. ಅವನ ಮನೆ ಕಡಲಿಗೆ ಹತ್ತಿರ. "ಇಲ್ಲಿ ಕಾರು ಹಾಳಾಗೋದು ಓಡಿಸಿ ಅಲ್ಲ, ನಿಲ್ಲಿಸಿ" ಅಂತ ಹೇಳಿ ವಾಷಿಂಗ್ ಸೆಂಟರಿಗೆ ಕರೆದೊಯ್ದ. ರ‍್ಯಾಂಪಿನ ಮೇಲೆ ಏರಿಸಿದ ಬೇರೆ ಬೇರೆ ಕಾರುಗಳ ಹೊಟ್ಟೆಯನ್ನು ಟಾರ್ಚ್ ಹಿಡಿದು ನೋಡಿದೆವು. ಉಪ್ಪುಗಾಳಿ ಮೊದಲು ಹಿಡಿಯುವುದು ಬಾಗಿಲಿನ ಕೆಳ ಅಂಚು, ಸೈಲೆನ್ಸರಿನ ಬೆಸುಗೆ, ಸಸ್ಪೆನ್ಷನ್ ಬೋಲ್ಟು. ಆರು ವರ್ಷದ ಒಂದು ಕಾರಿನ ಸೈಲೆನ್ಸರ್ ಹಪ್ಪಳದ ಹಾಗೆ ಪದರ ಪದರವಾಗಿ ಏಳುತ್ತಿತ್ತು. ಅದೇ ಕಂಪನಿಯ, ಅದೇ ವಯಸ್ಸಿನ ಇನ್ನೊಂದು ಪಕ್ಕದಲ್ಲೇ ಇತ್ತು. ಅದರದ್ದು ಹೊಸದರಂತಿತ್ತು. ಯಜಮಾನ ಹದಿನೈದು ದಿನಕ್ಕೊಮ್ಮೆ ಕೆಳಗೆ ಸಿಹಿನೀರು ಹೊಡೆಸುತ್ತಾನಂತೆ. ಯಾವ ಕಂಪನಿ ಅಂತ ಬರೆಯುವುದರಲ್ಲಿ ಅರ್ಥವೇ ಇಲ್ಲ, ಅಲ್ವಾ?

ಹಾಗೆಯೇ, ಈ ಓಡಾಟದಲ್ಲಿ ಒಂದು ಕಾರಿನ ಸ್ಕ್ರೀನು ಘಾಟಿನ ನಡುವೆ ಕಪ್ಪಾಗಿ, ಹಾಡೂ ಇಲ್ಲ, ರಿವರ್ಸ್ ಕ್ಯಾಮೆರಾವೂ ಇಲ್ಲ ಅಂತಾಯಿತು. ಅದಕ್ಕಾಗಿ ಅದರ ಯಜಮಾನ ನೂರು ಕಿಲೋಮೀಟರ್ ದೂರದ ಸರ್ವಿಸ್ ಸೆಂಟರಿಗೆ ಮೂರು ಸಲ ಹೋಗಿದ್ದನಂತೆ. ಹೆಸರು ಬೇಡ. ಒಂದೇ ಕಾರಿನ ಕಥೆ ಹಿಡಿದು ಇಡೀ ಕಂಪನಿಯನ್ನು ಬೈಯುವವರು ನಮ್ಮಲ್ಲಿ ಈಗಾಗಲೇ ಜಾಸ್ತಿ ಇದ್ದಾರೆ. ಆದರೆ ಆ "ನೂರು ಕಿಲೋಮೀಟರ್" ನನ್ನ ತಲೆಯಲ್ಲಿ ಉಳಿಯಿತು. ಓಮ್ನಿಯ ವೈರನ್ನು ಇಲಿ ಕಡಿದಾಗ ನಮ್ಮೂರ ಎಲೆಕ್ಟ್ರಿಷಿಯನ್ ಹಲ್ಲಿನಲ್ಲೇ ವೈರ್ ಸುಲಿದು, ಟೇಪು ಸುತ್ತಿ, ಒಂದು ಲೋಟ ಚಾ ಕುಡಿದು ಹೋಗುತ್ತಿದ್ದ. ಇವತ್ತಿನ ಕಾರಿನ ವೈರಿಂಗಿಗೆ ಅವನು ಕೈ ಹಾಕುವುದಿಲ್ಲ. ಮಾರುತಿಗೆ ನಮ್ಮ ಕಡೆ ಇರುವ ಹೆಸರು ಗಟ್ಟಿತನದ್ದಲ್ಲ, ಹತ್ತಿರದಲ್ಲೇ ರಿಪೇರಿ ಆಗುವುದರದ್ದು. ಬ್ರೇಕ್ ಪ್ಯಾಡೋ, ಕ್ಲಚ್ ಕೇಬಲ್ಲೋ, ಯಾವ ಮೂಲೆಯ ಅಂಗಡಿಯಲ್ಲೂ ಸಿಗುತ್ತದೆ. ಬಾನೆಟ್ ಎತ್ತಿದರೆ ಹೆದರದ ಮೆಕ್ಯಾನಿಕ್ ಪ್ರತಿ ಪೇಟೆಯಲ್ಲೂ ಇದ್ದಾನೆ. 1983ರ ಡಿಸೆಂಬರಿನಲ್ಲಿ ಮಾರುತಿ 800 ಬಂದಾಗಿನಿಂದ ಕೂಡಿಟ್ಟ ಹೆಸರು ಅದು. ಮಾರುವಾಗಲೂ ಕೈಬಿಡುವುದಿಲ್ಲ, ನಮ್ಮ ಓಮ್ನಿಯೇ ಸಾಕ್ಷಿ.

ಇಷ್ಟಾದರೂ ನಾನು ಬಲೆನೊ ಬಿಟ್ಟೆ. ಕಾರಣ ಸುರಕ್ಷತೆ. 2018ರಲ್ಲಿ ಗ್ಲೋಬಲ್ ಎನ್‌ಕ್ಯಾಪ್ ಸಂಸ್ಥೆಯ ಗುದ್ದು ಪರೀಕ್ಷೆಯಲ್ಲಿ ಐದು ಸ್ಟಾರ್ ಪಡೆದ ನಮ್ಮ ದೇಶದ ಮೊದಲ ಕಾರು ನೆಕ್ಸಾನ್. ಅದೇ ವರ್ಷ ಮಾರುತಿ ಸ್ವಿಫ್ಟ್‌ಗೆ ಬಂದದ್ದು ಎರಡು. 'ಟಾಟಾ ಗಟ್ಟಿ, ಮಾರುತಿ ಡಬ್ಬಿ' ಎಂಬ ಮಾತು ಬಲವಾಗಿದ್ದು ಆಗಲೇ. ಮಾರುತಿಯವರು ಸುಮ್ನೆ ಕೂರಲಿಲ್ಲ. 2024ರಲ್ಲಿ ಹೊಸ ಡಿಝೈರ್ ಐದು ಸ್ಟಾರ್ ತಂದಿತು. ಹಾಗಾಗಿ ಬ್ರ್ಯಾಂಡಿನ ಮೇಲೆ ಕಣ್ಣುಮುಚ್ಚಿ ಹೇಳುವ ಕಾಲ ಹೋಯಿತು, ಮಾಡೆಲ್ ನೋಡಿಯೇ ಹೇಳಬೇಕು. ಡಿಝೈರನ್ನೂ ನೋಡಿದ್ದೆ. ನೆಲದಿಂದ ಎತ್ತರ 163 ಮಿ.ಮೀ. ಅಂತ ಕೇಳಿ, ನಮ್ಮ ಹುಲ್ಲಿನ ದಿಬ್ಬ ನೆನಪಾಗಿ, ಅಲ್ಲಿಗೇ ಬಿಟ್ಟೆ.

ಸರ್ವಿಸ್ ದೂರ ಅನ್ನುವ ಹೆದರಿಕೆ ಇದ್ದೇ ಇದೆ. ಪೆಟ್ರೋಲಿಗೂ ಜಾಸ್ತಿ ಹೋಗುತ್ತದೆ. ಆದರೂ ನೆಕ್ಸಾನ್ ಬುಕ್ ಮಾಡಿದ್ದೇನೆ. ತೋಟದ ಕೆಲಸಕ್ಕೆ ಪಕ್ಕದ ಮನೆಯ ಬೊಲೆರೊ ಬಾಡಿಗೆಗೆ ಸಿಗುತ್ತದೆ. ಬಾನೆಟ್ಟಿನೊಳಗೆ ಕಟ್ಟಲು ಹೊಗೆಸೊಪ್ಪು ಈಗಲೇ ತಂದಿಟ್ಟಿದ್ದೇನೆ. ಇಲಿಗೆ ಯಾವ ಕಂಪನಿಯೂ ಒಂದೇ.

ಉಳಿದಿರುವುದು ಸಂಕ, ಅಂದರೆ ಸಣ್ಣ ಸೇತುವೆ. ಮನೆಗೆ ಬರುವ ದಾರಿಯಲ್ಲಿ ಹಳ್ಳಕ್ಕೆ ಅಜ್ಜನ ಕಾಲದಲ್ಲಿ ಕಟ್ಟಿದ ಕಲ್ಲಿನ ಸಂಕ ಇದೆ. ಗೆಳೆಯನ ನೆಕ್ಸಾನನ್ನು ಅದರ ಮೇಲೆ ದಾಟಿಸುವಾಗ ಅಪ್ಪಯ್ಯ ಮುಂದೆ ನಿಂತು ಎರಡೂ ಕೈಯಲ್ಲಿ ಎಡಕ್ಕೆ, ಬಲಕ್ಕೆ ಅಂತ ತೋರಿಸಬೇಕಾಯಿತು. ಬಲೆನೊ, ಬೊಲೆರೊ ಎರಡರದ್ದೂ ಅಗಲ 1745 ಮಿ.ಮೀ. ನೆಕ್ಸಾನಿನದ್ದು 1804. ಮೊನ್ನೆ ಟೇಪು ಹಿಡಿದು ಅಳೆದೆ. ಒಂದೊಂದು ಕಡೆ ಉಳಿಯುವುದು ಒಂದು ಗೇಣು. ಗಾರೆ ಕೆಲಸದವನಿಗೆ ಹೇಳಿದ್ದೇನೆ, ಕೊಯ್ಲು ಮುಗಿಯದೆ ಆಳು ಸಿಗುವುದಿಲ್ಲ ಅಂದಿದ್ದಾನೆ. ಕಾರು ಅದಕ್ಕೆ ಮೊದಲೇ ಬರುತ್ತದೆ. ಅಲ್ಲಿಯವರೆಗೆ ಅಪ್ಪಯ್ಯ ದಿನಾ ಸಂಕದ ಹತ್ತಿರ ನಿಲ್ಲಬೇಕು.