ಅನುಮತಿ ವಿಭಾಗಕ್ಕೆ ಐದರಲ್ಲಿ ಎರಡು ಸ್ಟಾರ್

ನಮ್ಮೂರ ಹೈಸ್ಕೂಲಿಗೆ 50 ತುಂಬಿತು. ಸ್ಮರಣ ಸಂಚಿಕೆಗೆ ನಾವು ಓದಿದ ಕಾಲದ ಒಂದು ಕಥೆ, ಬಿ.ಎಂ.ಶ್ರೀ ಅವರ ಒಂದು ಕವಿತೆ ಬೇಕಿತ್ತು. ಸುಮ್ನೆ ಟೈಪ್ ಮಾಡಿಸಿ ಹಾಕಿ, ಯಾರು ಕೇಳ್ತಾರೆ ಅಂದವರೇ ಜಾಸ್ತಿ. ಆದರೆ ದುಡ್ಡಿಗೆ ಮಾರುವ ಸಂಚಿಕೆ, ಒಂದು ಮಾತು ಕೇಳಬೇಕಲ್ವಾ. ಹಾಗಾಗಿ ಎರಡೂ ಪುಸ್ತಕ ತಂದಿರುವ ಪ್ರಕಾಶಕರ (ಹೆಸರು ಬೇಡ ಬಿಡಿ) ಅನುಮತಿ ವಿಭಾಗಕ್ಕೆ ಮೇಲ್ ಹಾಕಿದೆ.

ಉತ್ತರ ಇಲ್ಲ. ಫೋನ್ ಮಾಡಿದರೆ 'ಮೇಲ್ ಹಾಕಿ ಸಾರ್'. ಹಾಕಿದ್ದೀನಿ ಅಂದರೆ 'ಲೆಟರ್‌ಹೆಡ್‌ನಲ್ಲಿ ಹಾಕಿ'. ಲೆಟರ್‌ಹೆಡ್ಡು, ಸೀಲು, ಹೆಡ್‌ಮಾಸ್ತರ ಸಹಿ ಎಲ್ಲ ಆಯಿತು. ಎಷ್ಟು ಪ್ರತಿ, ಪಿಡಿಎಫ್ ಕೂಡ ಹಂಚುತ್ತೀರಾ ಅಂತ ಕೇಳಿದರು. ಸರಿಯಾದ ಪ್ರಶ್ನೆಗಳು, ಎರಡು ಸ್ಟಾರ್ ಅದಕ್ಕೇ.

ಏಳನೇ ವಾರ ಉತ್ತರ ಬಂತು. ಕವಿತೆಗೆ ಸಾವಿರ ರೂಪಾಯಿ ಕಟ್ಟಿ, ಕಥೆಯ ಹಕ್ಕು ನಮ್ಮದಲ್ಲ, ಲೇಖಕರ ಮಗಳದ್ದು! ಪುಸ್ತಕದ ಎರಡನೇ ಪುಟ ತೆಗೆದರೆ, ವೃತ್ತದೊಳಗಿನ 'ಸಿ' (ಕಾಪಿರೈಟ್ ಗುರುತು) ಪಕ್ಕದಲ್ಲೇ ಆಕೆಯ ಹೆಸರಿತ್ತು. ನೋಡದೇ ಇದ್ದದ್ದು ನನ್ನ ತಪ್ಪು, ಒಪ್ಪಿದೆ. ಆದರೆ ಸಾವಿರ ಯಾಕೆ? ಬಿ.ಎಂ.ಶ್ರೀ ತೀರಿಕೊಂಡದ್ದು 1946ರಲ್ಲಿ. ನಮ್ಮ ದೇಶದ ಕಾಪಿರೈಟ್ ಕಾಯ್ದೆಯಲ್ಲಿ ಅದರ ಮರುವರ್ಷದಿಂದ 60 ವರ್ಷ ಎಣಿಸಬೇಕು, ಅಂದರೆ 2006ರ ಕೊನೆಗೇ ಹಕ್ಕು ಮುಗಿದಿದೆ. ಇವರ ಮುನ್ನುಡಿ, ಟಿಪ್ಪಣಿ ಎತ್ತಿಕೊಂಡರೆ ಬೇರೆ ಮಾತು. ಬರೀ ಕವಿತೆಗೆ ಯಾರ ಅಪ್ಪಣೆಯೂ ಬೇಡ. ಇದನ್ನು ಬರೆದು ಕಳಿಸಿದೆ, ಆಮೇಲೆ ಅವರಿಂದ ಸುದ್ದಿಯೇ ಇಲ್ಲ.

ಮಗಳು ಸಿಕ್ಕಿದ್ದು ಪರಿಚಯದವರ ಮೂಲಕ. ಮರುದಿನವೇ ಹೂಂ ಅಂದರು, ದುಡ್ಡು ಬೇಡ, ಎರಡು ಪ್ರತಿ ಕಳಿಸಿ, ಕಾಗುಣಿತ ನೋಡಿಕೊಳ್ಳಿ ಅಷ್ಟೇ ಅಂದರು. ಫೋನಿನಲ್ಲಿ ಹೂಂ ಅಂದರೆ ಸಾಲದು, ಬರಹದಲ್ಲಿ ಇರಬೇಕು ಅಂತ ನಾನೇ ಒಂದು ಪುಟದ ಪತ್ರ ಮಾಡಿ ಸಹಿ ಹಾಕಿಸಿಕೊಂಡೆ. ನೀವೂ ಮಾಡಿಸುವುದಾದರೆ ಎಷ್ಟು ವರ್ಷಕ್ಕೆ, ಯಾವ ದೇಶಗಳಿಗೆ ಅಂತ ಬರೆಸಿ. ಬರೆಯದಿದ್ದರೆ ಕಾಯ್ದೆ ಪ್ರಕಾರ 5 ವರ್ಷ, ಭಾರತದೊಳಗೆ ಮಾತ್ರ ಅಂತಾಗುತ್ತದೆ. ನಮ್ಮ ಹಳೇ ವಿದ್ಯಾರ್ಥಿಗಳು ಅಮೆರಿಕದಲ್ಲೂ ಇದ್ದಾರೆ, ಪಿಡಿಎಫ್ ಅಲ್ಲಿಗೂ ಹೋಗಬೇಕಿತ್ತು.

ಕೊರಿಯರ್ ತಲುಪಿದ ಸಂಜೆ ಆಕೆಯ ಮೆಸೇಜ್ ಬಂತು: 'ಚೆನ್ನಾಗಿ ಬಂದಿದೆ. ನಾಲ್ಕನೇ ಸಾಲಿನಲ್ಲಿ ಹಳ್ಳಿ ಹೋಗಿ ಹಲ್ಲಿ ಆಗಿದೆ.'