ಸುದ್ದಿ ಆ್ಯಪ್‌ಗಳ ನೋಟಿಫಿಕೇಶನ್: ಐದಕ್ಕೆ ಎರಡೇ ಅಂಕ

ಹತ್ತಾರು ಕಡೆಯ ಸುದ್ದಿ ಒಟ್ಟುಮಾಡಿ ಕೊಡುವ ಆ್ಯಪ್‌ಗಳ ನೋಟಿಫಿಕೇಶನ್ ಸೇವೆಗೆ ಐದಕ್ಕೆ ಎರಡಕ್ಕಿಂತ ಹೆಚ್ಚು ಕೊಡಲು ಮನಸ್ಸು ಬರುವುದಿಲ್ಲ. ಆ ಎರಡೂ ವೇಗಕ್ಕೆ. ಭೂಕಂಪ, ಚಂಡಮಾರುತ, ಚುನಾವಣಾ ಫಲಿತಾಂಶ ತಕ್ಷಣ ಕೈಗೆ ಬರುತ್ತವೆ. ಉಳಿದ ಮೂರು ಅಂಕ ನುಂಗಿದ್ದು ತಲೆಬರಹ.

ಲಾಕ್ ಆದ ಪರದೆಯಲ್ಲಿ ಒಂದೆರಡು ಸಾಲಿಗಷ್ಟೇ ಜಾಗ. ವಿಷಯವನ್ನು ಅಲ್ಲೇ ಹೇಳಿಬಿಟ್ಟರೆ ಓದುಗ ಒಳಗೆ ಬರುವುದಿಲ್ಲ, ಜಾಹೀರಾತು ನೋಡುವುದಿಲ್ಲ. ಅದಕ್ಕೇ ಹೆಸರು, ಊರು, ಸಂಖ್ಯೆಗಳನ್ನು ಬಚ್ಚಿಟ್ಟು 'ಖ್ಯಾತ ನಟನಿಗೆ ಏನಾಯ್ತು?' ಎಂದು ಬಿಡುತ್ತಾರೆ. ಒಂದೇ ಸುದ್ದಿಗೆ ಎರಡು ಮೂರು ತಲೆಬರಹ ಕಳಿಸಿ, ಹೆಚ್ಚು ಕ್ಲಿಕ್ ಬಿದ್ದದ್ದನ್ನು ಉಳಿಸಿಕೊಳ್ಳುವ ಎ/ಬಿ ಪರೀಕ್ಷೆಯೂ ಉಂಟು. ಅಲ್ಲಿ ಅಳೆಯುವುದು ಕುತೂಹಲವನ್ನು, ಸರಿ ತಪ್ಪನ್ನಲ್ಲ.

ಆರೋಗ್ಯ ಸುದ್ದಿಯಲ್ಲಂತೂ ಇದು ನಿಜಕ್ಕೂ ಅಪಾಯಕಾರಿ. ದಿನಕ್ಕೆ 50 ಗ್ರಾಂ ಸಂಸ್ಕರಿತ ಮಾಂಸ (ಸಾಸೇಜ್, ಬೇಕನ್‌ನಂಥದ್ದು) ತಿಂದರೆ ದೊಡ್ಡ ಕರುಳಿನ ಕ್ಯಾನ್ಸರ್ ಸಾಧ್ಯತೆ 18% ಏರುತ್ತದೆ ಎಂದು 2015ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಅಂಗವಾದ ಐಎಆರ್‌ಸಿ ಹೇಳಿತು. 100 ಜನರಲ್ಲಿ ಸುಮಾರು 5 ಮಂದಿಗೆ ಬರುವ ಕಾಯಿಲೆ 6 ಮಂದಿಗೆ ಬರಬಹುದು ಎಂಬುದು ಇದರರ್ಥ. 18% ಮಾತ್ರ ತಲೆಬರಹಕ್ಕೇರಿ ಆ ಐದು ಕೆಳಗೇ ಉಳಿದರೆ, ನೂರಕ್ಕೆ ಹದಿನೆಂಟು ಜನ ಎಂದುಕೊಂಡ ಓದುಗನದೇನೂ ತಪ್ಪಿಲ್ಲ. ಐಎಆರ್‌ಸಿ ಈ ಮಾಂಸವನ್ನು ತಂಬಾಕಿನ ಜೊತೆ ಕ್ಯಾನ್ಸರ್‌ಕಾರಕಗಳ ಒಂದೇ ಗುಂಪಿಗೆ ಸೇರಿಸಿದ್ದೂ ಸಾಕ್ಷ್ಯ ಗಟ್ಟಿಯಾಗಿದೆ ಎಂದೇ ಹೊರತು ಅಪಾಯ ಸಿಗರೇಟಿನಷ್ಟಿದೆ ಎಂದಲ್ಲ.

ನೋಟಿಫಿಕೇಶನ್‌ಗಳನ್ನು ಫೋನೇ ಚುಟುಕಾಗಿಸಿ ತೋರಿಸುವ ಎಐ ಸಾರಾಂಶ ಬಂದಮೇಲೆ ಇನ್ನೊಂದು ತಲೆನೋವು. ಐಫೋನ್‌ನ ಇಂಥ ಸಾರಾಂಶ ಬಿಬಿಸಿಯ ಹೆಸರಿನಲ್ಲಿ ಸುಳ್ಳು ತಲೆಬರಹ ತೋರಿಸಿತೆಂದು 2024ರ ಡಿಸೆಂಬರ್‌ನಲ್ಲಿ ಬಿಬಿಸಿ ದೂರಿತು. ಮರುತಿಂಗಳು ಆಪಲ್ ಸುದ್ದಿ ಆ್ಯಪ್‌ಗಳಿಗೆ ಆ ಸೌಲಭ್ಯವನ್ನು ತಡೆಹಿಡಿಯಿತು. ಬಿಬಿಸಿ ಆ ಸಾಲು ಬರೆದೇ ಇರಲಿಲ್ಲ. ಕೆಟ್ಟ ಹೆಸರು ಮಾತ್ರ ಅದರ ತಲೆಗೆ.

ಆ್ಯಪನ್ನೇ ಕಿತ್ತುಹಾಕಬೇಕಿಲ್ಲ. ಆಂಡ್ರಾಯ್ಡ್‌ನಲ್ಲಿ ನೋಟಿಫಿಕೇಶನ್ ಮೇಲೆ ಬೆರಳು ಒತ್ತಿಹಿಡಿದು ಸೆಟ್ಟಿಂಗ್ಸ್‌ಗೆ ಹೋದರೆ ವಿಭಾಗಗಳು ಬೇರೆಬೇರೆಯಾಗಿ ಕಾಣುತ್ತವೆ. ಬ್ರೇಕಿಂಗ್ ಉಳಿಸಿಕೊಂಡು ಟ್ರೆಂಡಿಂಗ್, ಶಿಫಾರಸು ಆಫ್ ಮಾಡಿ. ಎಲ್ಲವನ್ನೂ ಒಂದೇ ವಿಭಾಗಕ್ಕೆ ತುರುಕಿದ ಆ್ಯಪ್ ಆದರೆ ಪೂರ್ತಿ ಬಂದ್ ಮಾಡುವುದೇ ಸರಿ. ಐಫೋನ್‌ನಲ್ಲಿ ಐಒಎಸ್ 15ರಿಂದ ಇರುವ ಶೆಡ್ಯೂಲ್ಡ್ ಸಮ್ಮರಿಗೆ ಸೇರಿಸಿದರೆ ನೀವು ಹೇಳಿದ ಹೊತ್ತಿಗೆ ಒಟ್ಟಿಗೇ ಬರುತ್ತವೆ.

ಯಾವ ಆ್ಯಪ್ ಇಟ್ಟುಕೊಳ್ಳಬೇಕೆಂಬ ಗೊಂದಲವಿದ್ದರೆ ಹತ್ತು ನೋಟಿಫಿಕೇಶನ್ ತೆರೆದು ನೋಡಿ. ತಲೆಬರಹ ಎಬ್ಬಿಸಿದ ಪ್ರಶ್ನೆಗೆ ಮೊದಲ ಮೂರು ಪ್ಯಾರಾದೊಳಗೆ ಉತ್ತರ ಸಿಗದಿದ್ದರೆ ಒಂದು ಗೀಟು ಹಾಕಿ. ನಾಲ್ಕು ಗೀಟಾದರೆ ಅದರ ನೋಟಿಫಿಕೇಶನ್ ಇಟ್ಟುಕೊಳ್ಳಲು ಕಾರಣವೇ ಇಲ್ಲ.